ಬೆಂದರೆ ಬೇಂದ್ರೆ ಎನ್ನುವಾಗ ಮರೆಯುವುದು

ಹಾವೇರಿ ಕಡೆಯ ಯುವಕನೊಬ್ಬ ಈ ಅಂಕಣಕ್ಕೆ ಕಳಿಸಿದ ಪತ್ರ ಒಂದೂವರೆ ಪುಟದ್ದು. ಗೆರೆ ಹಾಕಿದ ನೋಟ್‌ಬುಕ್ ಹಾಳೆ, ನೀಲಿ ಬಾಲ್‌ಪೆನ್ನು. ಅಕ್ಷರ ಗುಂಡಾಗಿದೆ. ಆದರೆ ದೀರ್ಘ ಎಳೆದಲ್ಲೆಲ್ಲ, ಒತ್ತು ಕೊಟ್ಟಲ್ಲೆಲ್ಲ ಗೆರೆ ಸಣ್ಣಗೆ ನಡುಗಿದೆ. ಆತ ಕವಿತೆ ಬರೆಯುತ್ತಾನೆ. ಎರಡು ವರ್ಷದ ಹಿಂದೆ ವಾರಗಟ್ಟಲೆ ನಿದ್ದೆಯಿಲ್ಲದೆ, ಒಂದೇ ರಾತ್ರಿಯಲ್ಲಿ ಹತ್ತು ಹನ್ನೆರಡು ಕವಿತೆ ಬರೆದು, ಕೈಲಿದ್ದ ಸಂಬಳವನ್ನೆಲ್ಲ ಖರ್ಚು ಮಾಡಿ, ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳಲಾಗದೆ ಮಲಗಿದ. ಮನೆಯವರು ಮನೋವೈದ್ಯರ ಬಳಿ ಕರೆದೊಯ್ದರು. ಬೈಪೋಲಾರ್ ಕಾಯಿಲೆ ಎಂದರು, ಲಿಥಿಯಂ ಮಾತ್ರೆ ಬರೆದುಕೊಟ್ಟರು. ಈಗ ನಿದ್ದೆ ಬರುತ್ತದೆ, ಕೆಲಸಕ್ಕೆ ಹೋಗುತ್ತಾನೆ. ಕವಿತೆ ಮಾತ್ರ ಕಡಿಮೆಯಾಗಿದೆ. ಪತ್ರದ ಕೊನೆಯಲ್ಲಿ ಕೇಳಿದ್ದ: "ಅಕ್ಕಾರ, ಗುಳಿಗಿ ಬಿಟ್ರ ಕವಿತಾ ಮತ್ತ ಬರ್ತಾವೇನ್ರಿ? ಬೆಂದ್ರ ಬೇಂದ್ರೆ ಅಂತಾರಲ್ರಿ."

ಇಂಥ ಪತ್ರ ಇದೇ ಮೊದಲಲ್ಲ. ಚಿತ್ರಕಲೆ ಓದುವ ಹುಡುಗಿ, ಸಂಗೀತ ಕಲಿಯುವವನು, ಮಗಳು ಸದಾ ಮಂಕಾಗಿರುತ್ತಾಳೆ ಆದರೆ ಚೆನ್ನಾಗಿ ಬರೆಯುತ್ತಾಳೆ ಎನ್ನುವ ತಾಯಿ, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇದನ್ನೇ. ನೋವು ಹೋದರೆ ಕಲೆಯೂ ಅದರ ಜೊತೆಗೇ ಹೋಗಿಬಿಡುತ್ತದೆಯೇ?

'ಬೆಂದರೆ ಬೇಂದ್ರೆ' ಎಂಬ ಧಾರವಾಡದ ಮಾತಿನಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಯುವಕ ಆಧಾರವಾಗಿ ಹಿಡಿದದ್ದು ಅದನ್ನೇ. ಕವಿ ದ.ರಾ. ಬೇಂದ್ರೆ ಬೆಂದದ್ದು ನಿಜ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಹುಟ್ಟಿದ ಮಕ್ಕಳಲ್ಲಿ ಹಲವರು ಕಣ್ಣೆದುರೇ ಹೋದರು. 1932ರಲ್ಲಿ 'ನರಬಲಿ' ಕವಿತೆಗಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜೈಲಿಗೆ ಹಾಕಿತು, ಆಮೇಲೆ ಮುಗದ ಊರಿನಲ್ಲಿ ನಜರಬಂದಿಯಲ್ಲಿಟ್ಟಿತು. ಇದ್ದ ಕೆಲಸ ಹೋಯಿತು, ವರ್ಷಗಟ್ಟಲೆ ನೆಟ್ಟಗಿನ ಸಂಬಳವಿರಲಿಲ್ಲ. ಮಗುವಿನ ಸಾವಿನ ಹೊತ್ತಿನಲ್ಲಿ ಗಂಡ ಹೆಂಡತಿಗೆ ಹೇಳುವಂತೆ ಅವರು ಬರೆದ ಕವಿತೆಯನ್ನು ಕನ್ನಡಿಗರು ಇಂದಿಗೂ ಗಂಟಲು ಕಟ್ಟಿಕೊಂಡೇ ಹಾಡುತ್ತಾರೆ.

ಆದರೆ ಆ ಮಾತು ಬೆಂಕಿಯನ್ನಷ್ಟೇ ಎಣಿಸುತ್ತದೆ. ಬೇಂದ್ರೆಯವರ ಸುತ್ತ ಇದ್ದ ಮಿಕ್ಕದ್ದನ್ನೆಲ್ಲ ಬಿಟ್ಟುಬಿಡುತ್ತದೆ. 1920ರ ದಶಕದಲ್ಲಿ ಧಾರವಾಡದಲ್ಲಿ ಅವರ ಸುತ್ತ ಕೂಡಿದ 'ಗೆಳೆಯರ ಗುಂಪು' ಇತ್ತು. ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮರಂಥವರು ಅದರಲ್ಲಿದ್ದರು. ಬರೆದದ್ದನ್ನು ಓದಿ ಹೇಳಲು ಕಿವಿಗಳಿದ್ದವು, ಹಾಡಿದರೆ ಕೇಳುವವರಿದ್ದರು. ಸಾಧನಕೇರಿಯ ಕೆರೆ ಇತ್ತು, ಮಳೆ ಇತ್ತು. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ತಿಂಗಳ ಸಂಬಳವೂ ಇತ್ತು. ಅಷ್ಟೇ ಬೆಂದು ಒಂದು ಸಾಲೂ ಬರೆಯದೆ ಹೋದ ಮನೆಗಳು ಅದೇ ಕಾಲದ ಅದೇ ಊರಿನಲ್ಲಿ ಎಷ್ಟಿರಲಿಲ್ಲ? ಪ್ಲೇಗಿನಲ್ಲಿ, ಬಡತನದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಎಷ್ಟು ಮಂದಿ? ಅವರ್‍ಯಾರಿಗೂ ಗೆಳೆಯರ ಗುಂಪು ಇರಲಿಲ್ಲ.

ಇನ್ನೂ ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ದುಃಖ ಬೇರೆ, ಖಿನ್ನತೆ ಬೇರೆ. ದುಃಖದಲ್ಲಿರುವವರಿಗೆ ಯಾರನ್ನು ಕಳೆದುಕೊಂಡೆ ಎಂಬುದು ಗೊತ್ತಿರುತ್ತದೆ. ಅಳುತ್ತಾರೆ, ನೆನೆಯುತ್ತಾರೆ, ಮಾತಾಡುತ್ತಾರೆ, ನಡುವೆ ಒಮ್ಮೆ ನಗುತ್ತಾರೆ ಕೂಡ. ಖಿನ್ನತೆ ಕಾಯಿಲೆಯಾಗಿ ಕೂತಾಗ ಎಷ್ಟೋ ಸಲ ಅಳುವೂ ಬರುವುದಿಲ್ಲ. ಊಟದ ರುಚಿ, ನಿದ್ದೆ, ಇನ್ನೊಬ್ಬರ ಮಾತು ಕೇಳುವ ಶಕ್ತಿ ಎಲ್ಲವೂ ಹೋಗುತ್ತದೆ. ಮೊದಲನೆಯದರಿಂದ ಕವಿತೆ ಹುಟ್ಟಬಹುದು. ಎರಡನೆಯದು ಪೆನ್ನು ಎತ್ತಿಕೊಳ್ಳಲೂ ಬಿಡುವುದಿಲ್ಲ.

ಇದು ಈ ಅಂಕಣಕಾರ್ತಿ ಪುಸ್ತಕ ಓದಿ ತಿಳಿದದ್ದಲ್ಲ. ಅವಳ ತಾಯಿ ಬೆಳಗಿನ ಐದೂವರೆಗೆ ಬಾಗಿಲಿಗೆ ನೀರು ಹಾಕಿ, ಸಗಣಿ ಸಾರಿಸಿ, ರಂಗೋಲಿಗೆ ಚುಕ್ಕಿ ಇಡುತ್ತಿದ್ದರು. ನಡುವಿನ ಸಾಲಿಗೆ 15 ಚುಕ್ಕಿ, ಮೇಲೆ ಕೆಳಗೆ ಸಂದಿನಲ್ಲಿ ಒಂದೊಂದೇ ಕಡಿಮೆ ಮಾಡುತ್ತ 8ಕ್ಕೆ ನಿಲ್ಲಿಸುವುದು ಅವರಿಗೆ ಇಷ್ಟದ ಲೆಕ್ಕ. ಹೆಬ್ಬೆರಳು ತೋರುಬೆರಳ ನಡುವಿಂದ ಪುಡಿ ಜಾರುವಾಗ ಬೆರಳು ನೆಲಕ್ಕೆ ತಾಕುತ್ತಿರಲಿಲ್ಲ. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಎಂದು ಆಗುತ್ತಿರಲಿಲ್ಲ. ಸುರುಳಿ ತಿರುಗಿಸುವಾಗ ಉಸಿರು ಬಿಗಿಹಿಡಿದು, ಮುಗಿದ ಮೇಲೆ ಬಿಡುವುದು ಮಗಳಿಗೆ ಕೇಳಿಸುತ್ತಿತ್ತು. ಎಂಟು ಗಂಟೆಗೆ ಅದರ ಮೇಲೆ ಹಾಲಿನವನ ಸೈಕಲ್ಲು, ಹತ್ತಕ್ಕೆ ಶಾಲೆಯ ಮಕ್ಕಳ ಕಾಲು, ಸಂಜೆಗೆ ಏನೂ ಇಲ್ಲ. ಅದರ ಬಗ್ಗೆ ಅವರಿಗೆ ಬೇಸರವಿರಲಿಲ್ಲ.

ಒಂದು ವರ್ಷ ಆ ಅಂಗಳ ಬರಿದಾಯಿತು. ಮೊದಲು 15 ಚುಕ್ಕಿ ಹೋಗಿ 7 ಆಯಿತು, ಆಮೇಲೆ ನಾಲ್ಕು ಗೆರೆ, ಆಮೇಲೆ ನೀರು ಮಾತ್ರ. ಕೊನೆಗೆ ನೀರನ್ನೂ ಪಕ್ಕದ ಮನೆಯವರು ಹಾಕುತ್ತಿದ್ದರು. ಸೋಮಾರಿತನ ಎಂದವರಿದ್ದಾರೆ, ದೃಷ್ಟಿ ಎಂದವರಿದ್ದಾರೆ. ತಾಯಿಯನ್ನು ನೋಡಿದ ವೈದ್ಯರು ಖಿನ್ನತೆ ಎಂದು ಹೇಳಿ ಔಷಧ ಕೊಟ್ಟು, ಎರಡು ಮೂರು ವಾರ ಕಾಯಬೇಕು ಎಂದರು. ಎರಡು ತಿಂಗಳ ನಂತರ ಒಂದು ಬೆಳಗ್ಗೆ ಹೊಸ್ತಿಲ ಹತ್ತಿರ ಪುಟ್ಟ ಐದು ಚುಕ್ಕಿಯ ರಂಗೋಲಿ ಇತ್ತು, ಒಂದು ಸುರುಳಿ ಸೇರಬೇಕಾದ ಕಡೆ ಸೇರಿರಲಿಲ್ಲ. ಆ ವರ್ಷ ಕಾಯಿಲೆ ತಾಯಿಯ ಕೈಗೆ ಹೊಸದೇನನ್ನೂ ಕೊಡಲಿಲ್ಲ, ಇದ್ದದ್ದನ್ನೂ ಕಿತ್ತುಕೊಂಡಿತ್ತು. ಹಿಂದಕ್ಕೆ ತಂದುಕೊಟ್ಟದ್ದು ಚಿಕಿತ್ಸೆ.

ದೊಡ್ಡ ಹೆಸರುಗಳ ಬದುಕನ್ನು ಹತ್ತಿರದಿಂದ ನೋಡಿದರೂ ಇದೇ ಕಾಣುತ್ತದೆ. ವಿನ್ಸೆಂಟ್ ವ್ಯಾನ್ ಗೋ ಎಂದ ಕೂಡಲೇ ಕತ್ತರಿಸಿದ ಕಿವಿ ನೆನಪಾಗುತ್ತದೆ. ಹುಚ್ಚು ಕೆರಳಿದ ರಾತ್ರಿಯಲ್ಲಿ ಆತ 'ತಾರೆಗಳ ರಾತ್ರಿ' ಬಿಡಿಸಿದ ಎಂಬ ಚಿತ್ರ ಎಲ್ಲರ ಮನಸ್ಸಿನಲ್ಲೂ ಇದೆ. ನಡೆದದ್ದು ಬೇರೆ. 1889ರ ಮೇ ತಿಂಗಳಲ್ಲಿ ಆತ ತಾನಾಗಿಯೇ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಗೆ ಸೇರಿದ. ಮಲಗುವ ಕೋಣೆಯ ಕಿಟಕಿಗೆ ಕಬ್ಬಿಣದ ಸರಳು, ಆಚೆ ಗೋಧಿ ಹೊಲ, ಪೂರ್ವದ ಬೆಟ್ಟ. ಬೆಳಗಾಗುವ ಮುಂಚೆ ಆ ಕಿಟಕಿಯಿಂದ ಬೆಳ್ಳಿ ಚುಕ್ಕಿಯನ್ನು ಕಂಡದ್ದನ್ನು ತಮ್ಮ ಥಿಯೋಗೆ ಬರೆದಿದ್ದಾನೆ. ಕೆಲಸ ಮಾಡಲು ಕೆಳಗಿನ ಮಹಡಿಯಲ್ಲಿ ಬೇರೆ ಕೋಣೆ ಕೊಟ್ಟಿದ್ದರು. 'ತಾರೆಗಳ ರಾತ್ರಿ' ರೂಪುಗೊಂಡದ್ದು ಅಲ್ಲಿ, ಹಗಲಿನಲ್ಲಿ, ಜೂನ್ ತಿಂಗಳಲ್ಲಿ. ಅದು ಆತನ ಮನಸ್ಸು ತಿಳಿಯಾಗಿದ್ದ ಕಾಲ. ಜುಲೈಯಲ್ಲಿ ಕಾಯಿಲೆ ಮತ್ತೆ ಎರಗಿದಾಗ ವಾರಗಟ್ಟಲೆ ಕುಂಚ ಮುಟ್ಟಲಾಗಲಿಲ್ಲ. ಕಾಯಿಲೆ ಕೆರಳಿದಾಗ ಬಣ್ಣವನ್ನೇ ನುಂಗಿಬಿಡುತ್ತಿದ್ದನಾದ್ದರಿಂದ ಆಸ್ಪತ್ರೆಯವರು ಬಣ್ಣವನ್ನು ಕೈಗೆ ಸಿಗದಂತೆ ಇಡಬೇಕಾಯಿತು. ಒಂದು ವರ್ಷದಲ್ಲಿ ಸುಮಾರು 150 ವರ್ಣಚಿತ್ರ ಮಾಡಿದ್ದು ಬಹುಮಟ್ಟಿಗೆ ಕಾಯಿಲೆ ಸುಮ್ಮನಿದ್ದ ಬಿಡುವುಗಳಲ್ಲಿ.

ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಕಥೆ ಯುವಕನ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಐದು ವರ್ಷದವನಿದ್ದಾಗ ತಾಯಿ, ಹದಿಹರೆಯದಲ್ಲಿ ಅಕ್ಕ ಕ್ಷಯದಿಂದ ಸತ್ತರು. 1893ರಲ್ಲಿ 'ಚೀತ್ಕಾರ' ಬಿಡಿಸಿದ. ತನ್ನ ಕಾಯಿಲೆ ಕಳಚಿಕೊಂಡರೆ ಕಲೆಯೂ ಹೋಗುತ್ತದೆ ಎಂದು ಆತ ನಂಬಿದ್ದ, ಅದನ್ನು ಬರೆದೂ ಇಟ್ಟಿದ್ದ. ಕುಡಿತ ಹೆಚ್ಚಿ, ಯಾರೋ ಬೆನ್ನಟ್ಟುತ್ತಿದ್ದಾರೆ ಎನ್ನಿಸತೊಡಗಿ, 1908ರಲ್ಲಿ ಕೋಪನ್‌ಹೇಗನ್ನಿನ ಡಾ. ಡೇನಿಯಲ್ ಜಾಕೋಬ್ಸನ್ ಅವರ ಚಿಕಿತ್ಸಾಲಯ ಸೇರಿದ. ಏಳೆಂಟು ತಿಂಗಳು ಅಲ್ಲಿದ್ದ. ಕುಡಿತ ಬಿಟ್ಟ. ಅಲ್ಲೇ ಆ ವೈದ್ಯರ ಆಳೆತ್ತರದ ಭಾವಚಿತ್ರವನ್ನೂ ಬಿಡಿಸಿದ. ಊರಿಗೆ ಮರಳಿದ ಮೇಲೆ ಓಸ್ಲೋ ವಿಶ್ವವಿದ್ಯಾಲಯದ ಸಭಾಂಗಣಕ್ಕೆ ದೊಡ್ಡ ದೊಡ್ಡ ಚಿತ್ರಗಳನ್ನು ಮಾಡಿದ. ಅವುಗಳ ನಡುವೆ ಸಮುದ್ರದ ಮೇಲೆ ಏಳುವ ಸೂರ್ಯನಿದ್ದಾನೆ, ಸುಮಾರು ಎಂಟು ಮೀಟರ್ ಅಗಲದವನು. 1944ರಲ್ಲಿ, ಎಂಬತ್ತು ತುಂಬಿದ ಮೇಲೆ ತೀರಿಕೊಂಡಾಗ ಓಸ್ಲೋ ನಗರಕ್ಕೆ ಬಿಟ್ಟುಹೋದ ವರ್ಣಚಿತ್ರಗಳೇ ಸಾವಿರಕ್ಕೂ ಹೆಚ್ಚು. ಚಿಕಿತ್ಸೆಯ ನಂತರದ ಚಿತ್ರಗಳಲ್ಲಿ ಮೊದಲಿನ ಉರಿ ಇಲ್ಲ ಎನ್ನುವ ವಿಮರ್ಶಕರಿದ್ದಾರೆ. ಇರಬಹುದು. ಆದರೆ ಆ ಸೂರ್ಯ ಮೂವತ್ತರ ಮುಂಕ್‌ನಿಂದ ಹುಟ್ಟುತ್ತಿರಲಿಲ್ಲ. ಮೂವತ್ತೈದು ವರ್ಷ ಹೆಚ್ಚು ಬದುಕಿ ಹೊಲ, ಕುದುರೆ, ಹಿಮ, ತನ್ನದೇ ಮುಪ್ಪಿನ ಮುಖವನ್ನು ಬಿಡಿಸುತ್ತ ಹೋದದ್ದೂ ಲೆಕ್ಕಕ್ಕೆ ಬರಬೇಕು.

ಒಬ್ಬಿಬ್ಬರ ಕಥೆಯಿಂದ ತೀರ್ಮಾನಕ್ಕೆ ಬರಬಾರದು ಎಂದು ಯುವಕ ಹೇಳಿದರೆ ಅದು ಸರಿಯಾದ ಮಾತು. ಆತ ನುಂಗುವ ಮಾತ್ರೆಯ ಬಗ್ಗೆಯೇ ಒಂದು ಅಧ್ಯಯನವಿದೆ. ಬೈಪೋಲಾರ್ ಕಾಯಿಲೆಯ ಉನ್ಮಾದಕ್ಕೆ ಲಿಥಿಯಂ ಕೆಲಸ ಮಾಡುತ್ತದೆ ಎಂದು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ತೋರಿಸಿದರು. ಅದರ ಬಳಕೆಯನ್ನು ಗಟ್ಟಿಯಾಗಿ ಬೇರೂರಿಸಿದವರಲ್ಲಿ ಡೆನ್ಮಾರ್ಕಿನ ಮೊಗೆನ್ಸ್ ಶೌ ಮುಖ್ಯರು. ಅವರು 1979ರಲ್ಲಿ, ಲಿಥಿಯಂ ತೆಗೆದುಕೊಳ್ಳುತ್ತಿದ್ದ 24 ಮಂದಿ ಕಲಾವಿದರು, ಬರಹಗಾರರನ್ನು ನಿಮ್ಮ ಕೆಲಸ ಏನಾಯಿತು ಎಂದು ಕೇಳಿ ಬರೆದಿಟ್ಟರು. 12 ಮಂದಿ ಮೊದಲಿಗಿಂತ ಹೆಚ್ಚು ಕೆಲಸ ಮಾಡುತ್ತಿದ್ದೇವೆ ಎಂದರು. 6 ಮಂದಿ ಏನೂ ಬದಲಾಗಿಲ್ಲ ಎಂದರು. ಇನ್ನುಳಿದ 6 ಮಂದಿ ಕಡಿಮೆಯಾಗಿದೆ ಎಂದರು. ಈ ಕೊನೆಯ ಆರು ಮಂದಿಯನ್ನು ಮುಚ್ಚಿಡಬಾರದು. ಉನ್ಮಾದದ ಹೊತ್ತಿನ ಹುರುಪನ್ನೇ ನೆಚ್ಚಿ ಕೆಲಸ ಮಾಡುವ ರೂಢಿ ಇದ್ದವರಿಗೆ ಮಾತ್ರೆ ಬಂದ ಮೇಲೆ ಕಷ್ಟವಾಗಬಹುದು. 24 ಮಂದಿ ತೀರಾ ಚಿಕ್ಕ ಗುಂಪು ಎಂಬುದೂ ನಿಜ. ಆದರೂ ನಾಲ್ವರಲ್ಲಿ ಮೂವರಿಗೆ ಮಾತ್ರೆಯಿಂದ ನಷ್ಟವಾಗಲಿಲ್ಲ, ಇಬ್ಬರಿಗೆ ಲಾಭವಾಯಿತು ಎಂಬುದನ್ನು ಮಾತ್ರೆ ಬಿಡಲು ಹೊರಟವರ ಮುಂದೆ ಇಡಲೇಬೇಕು.

ಇನ್ನು ಕಲಾವಿದರೆಲ್ಲ ಅರೆಹುಚ್ಚರೇ ಎಂಬ ಹಳೆಯ ಮಾತು. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಲಕ್ಷಕ್ಕೂ ಹೆಚ್ಚು ರೋಗಿಗಳ ಮತ್ತು ಅವರ ಬಂಧುಗಳ ದಾಖಲೆಗಳನ್ನು ನೋಡಿದರು. ಕಲೆ, ವಿಜ್ಞಾನದಂಥ ವೃತ್ತಿಯಲ್ಲಿರುವವರಿಗೆ ಒಟ್ಟಾರೆಯಾಗಿ ಮಾನಸಿಕ ಕಾಯಿಲೆ ಹೆಚ್ಚೇನೂ ಇರಲಿಲ್ಲ, ಬೈಪೋಲಾರ್ ಒಂದನ್ನು ಬಿಟ್ಟರೆ. ಲೇಖಕರಲ್ಲಿ ಮಾತ್ರ ಹಲವು ಬಗೆಯ ತೊಂದರೆ ಹೆಚ್ಚಿತ್ತು. ಇದು ಬರೆಯುವವರೆಲ್ಲ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಸಂಗತಿ. ಅದಕ್ಕಿಂತ ಕುತೂಹಲದ್ದು ಇನ್ನೊಂದು: ಕೆಲವು ಕಾಯಿಲೆಗಳ ರೋಗಿಗಳ ಹತ್ತಿರದ ಬಂಧುಗಳಲ್ಲಿ ಇಂಥ ವೃತ್ತಿ ಹಿಡಿದವರು ಹೆಚ್ಚಿದ್ದರು. ಅಂದರೆ ಮನೆತನದಲ್ಲಿ ಹರಿದು ಬರುವ ಯಾವುದೋ ಸೂಕ್ಷ್ಮತೆ ಕಲೆಗೆ ಬೇಕಿರಬಹುದು, ಕಾಯಿಲೆ ಬೇಕಿಲ್ಲ.

ಹಾಗಾದರೆ ಕಲೆಯನ್ನು ನಿಜಕ್ಕೂ ಒಣಗಿಸುವುದು ಯಾವುದು? ಅಂಕಣಕಾರ್ತಿಯ ಮಟ್ಟಿಗೆ ಮೊದಲ ಉತ್ತರ ಮಾತ್ರೆಯಲ್ಲ, ಬಹುಮಾನ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮೂವರು ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗದ ಫಲ ಪ್ರಕಟವಾಯಿತು. ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುವ ಮೂರರಿಂದ ಐದು ವರ್ಷದ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬಿಡಿಸಿದರೆ ಬಂಗಾರದ ನಕ್ಷತ್ರ, ಕೆಂಪು ರಿಬ್ಬನ್ ಇರುವ ಪ್ರಮಾಣಪತ್ರ ಕೊಡುತ್ತೇವೆ ಎಂದರು. ಎರಡನೆಯದಕ್ಕೆ ಏನೂ ಹೇಳದೆ ಕೊನೆಗೆ ಅದನ್ನೇ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರದ ನಂತರ ಮಕ್ಕಳು ಬಳಸಿದ್ದ ಬಣ್ಣದ ಪೆನ್ನುಗಳನ್ನೇ ತರಗತಿಯಲ್ಲಿ ಸುಮ್ಮನೆ ಇಟ್ಟು ದೂರದಿಂದ ನೋಡಿದರು. ಬಹುಮಾನ ಸಿಗುತ್ತದೆ ಎಂದು ಬಿಡಿಸಿದ ಮಕ್ಕಳು, ಉಳಿದವರು ಬಿಡಿಸಿದ ಹೊತ್ತಿನ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ತಿಳಿಯದೆ ಬಹುಮಾನ ಪಡೆದವರಿಗೆ ಏನೂ ಆಗಿರಲಿಲ್ಲ.

ನಮ್ಮ ಮಕ್ಕಳ ಭಾನುವಾರಗಳನ್ನು ನೆನೆದರೆ ಇದು ಎದೆಗೆ ತಾಕುತ್ತದೆ. ಚಿತ್ರ ಸ್ಪರ್ಧೆ, ಭಾವಗೀತೆ ಸ್ಪರ್ಧೆ, ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಅಂಕ ಹೇಳುವಾಗ ಒಣಗುವ ಪುಟ್ಟ ತುಟಿಗಳು. ಗೆದ್ದವರಿಗೆ ಶೀಲ್ಡು, ಉಳಿದವರಿಗೆ ತಾನು ಸಾಲದು ಎಂಬ ತಿಳಿವಳಿಕೆ. ಎಂಟು ವರ್ಷದ ಮಗು ಮಾವಿನಹಣ್ಣು ಬಿಡಿಸಿ ತಂದಾಗ "ಎಷ್ಟನೇ ಪ್ರೈಜು?" ಎಂದು ಕೇಳುವ ಬದಲು "ಇದು ಯಾವ ಮಾವು, ಆಪೂಸಾ, ಬಾದಾಮಿನಾ?" ಎಂದು ಕೇಳಿದರೆ ಮಗು ಅರ್ಧ ಗಂಟೆ ಮಾತಾಡುತ್ತದೆ. ದೊಡ್ಡವರಿಗೆ ಇದೇ ಕೆಲಸವನ್ನು ಮೊಬೈಲಿನ ಲೈಕು ಮಾಡುತ್ತಿದೆ. ಬೆಳಗ್ಗೆ ಬರೆದ ಎಂಟು ಸಾಲನ್ನು ಹತ್ತು ಗಂಟೆಗೆ ಹಾಕಿ, ಹನ್ನೊಂದರೊಳಗೆ ನಾಲ್ಕು ಬಾರಿ ನೋಡುವ ಕವಿಗೆ ಒಂಬತ್ತನೆಯ ಸಾಲು ಎಲ್ಲಿಂದ ಬರಬೇಕು? ತಾಯಿಯ ರಂಗೋಲಿಗೆ ಅಂಕ ಕೊಡುವವರಿರಲಿಲ್ಲ, ಅದು ಸಂಜೆಯವರೆಗೂ ಉಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಅದು ನಡೆದದ್ದಕ್ಕೆ ಇದೂ ಒಂದು ಕಾರಣ ಎಂದು ಅಂಕಣಕಾರ್ತಿ ನಂಬುತ್ತಾಳೆ.

ಅಡ್ಡಿಯಾಗುವ ಇನ್ನೊಂದು ಸಂಗತಿಯನ್ನು ಕನ್ನಡದಲ್ಲಿ ತ್ರಿವೇಣಿಯವರಷ್ಟು ಚೆನ್ನಾಗಿ ಕಂಡವರು ಕಡಿಮೆ. ಅವರ 'ಶರಪಂಜರ'ದ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಕೆಡವುವುದು ಸುತ್ತಲಿನವರ ಅನುಮಾನದ ಕಣ್ಣು. ನಕ್ಕರೂ ಅದಕ್ಕೊಂದು ಅರ್ಥ, ಸುಮ್ಮನಿದ್ದರೂ ಅದಕ್ಕೊಂದು ಅರ್ಥ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಆ ಪಾತ್ರವನ್ನು ಮಾಡಿದರು. ಮಾತ್ರೆ ನುಂಗುವುದನ್ನು ಗೆಳೆಯರಿಂದ ಮುಚ್ಚಿಡಬೇಕಾದ ಕವಿಯೂ ಅದೇ ಪಂಜರದಲ್ಲಿದ್ದಾನೆ. ಮನಸ್ಸಿನ ಕಾಯಿಲೆಯ ಬಗ್ಗೆ ತಿಳಿಯಾದ ಕನ್ನಡದಲ್ಲಿ ಬರೆದ 'ರಾಶಿ', ಅಂದರೆ 'ಕೊರವಂಜಿ' ಪತ್ರಿಕೆ ನಡೆಸಿದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಅಷ್ಟು ಹಿಂದೆಯೇ ಅಷ್ಟು ಓದಿದ ನಾಡಿನಲ್ಲಿ ಈ ಮುಚ್ಚುಮರೆ ಇನ್ನೂ ಉಳಿದದ್ದು ನೋವಿನ ಸಂಗತಿ.

ನೆರವಾಗುವವು ಸರಳವಾದವು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಜೊತೆಗಾರರು 39 ಮಂದಿಯನ್ನು 45 ನಿಮಿಷ ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದದ ತುಣುಕುಗಳ ಜೊತೆ ಕೂರಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸುಮಾರು ಮುಕ್ಕಾಲು ಪಾಲು ಜನರಲ್ಲಿ, ಒತ್ತಡ ಬಂದಾಗ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಇಳಿದಿತ್ತು. ಮೊದಲೇ ಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಇದರಲ್ಲಿ ಹೇಳುವಂಥ ವ್ಯತ್ಯಾಸವಿರಲಿಲ್ಲ. ನಡಿಗೆಯ ಮೇಲೂ ಸ್ಟ್ಯಾನ್‌ಫರ್ಡಿನಲ್ಲಿ 2014ರ ಅಧ್ಯಯನವಿದೆ: ಕೂತಿದ್ದಾಗಿನದಕ್ಕಿಂತ ನಡೆಯುವಾಗ ಹೊಸ ಯೋಚನೆಗಳು ಗಣನೀಯವಾಗಿ ಹೆಚ್ಚಿದವು, ಬರಿ ಗೋಡೆಗೆ ಮುಖ ಮಾಡಿ ಯಂತ್ರದ ಮೇಲೆ ನಡೆದರೂ ಸರಿ. ಸಾಧನಕೇರಿಯ ದಾರಿಯಾದರೆ ಇನ್ನೂ ಒಳ್ಳೆಯದು ಎಂದು ಧಾರವಾಡದವರು ಹೇಳುತ್ತಾರೆ. ಆದರೆ ರಂಗೋಲಿ, ಜೇಡಿಮಣ್ಣು, ನಡಿಗೆ ಯಾವುದೂ ವೈದ್ಯರ ಜಾಗಕ್ಕೆ ಬರುವುದಿಲ್ಲ. ತಾಯಿಗೆ ಆ ವರ್ಷ ಯಾರೋ "ರಂಗೋಲಿ ಹಾಕ್ರಿ, ಮನಸ್ಸು ಹಗುರಾಗುತ್ತೆ" ಎಂದಿದ್ದರು. ಹಾಕಲಾಗದ್ದೇ ಕಾಯಿಲೆಯಾಗಿತ್ತು.

ಅಂಕಣಕಾರ್ತಿ ಯುವಕನಿಗೆ ಉತ್ತರ ಬರೆದಳು. ಲಿಥಿಯಂ ಒಮ್ಮೆಲೇ ಬಿಟ್ಟರೆ ಕಾಯಿಲೆ ಜೋರಾಗಿ ಮರಳುವ ಅಪಾಯವಿದೆ, ಆದ್ದರಿಂದ ತಾನಾಗಿ ಬಿಡಬಾರದು. ಕವಿತೆ ಕಡಿಮೆಯಾಗಿದೆ ಎಂಬುದನ್ನು ಬಿ.ಪಿ., ಸಕ್ಕರೆ ಹೇಳುವಷ್ಟೇ ನೇರವಾಗಿ ವೈದ್ಯರಿಗೆ ಹೇಳಬೇಕು. ಕೈ ನಡುಗುವುದು ಆ ಮಾತ್ರೆಯಿಂದಲೂ ಬರುತ್ತದೆ, ರಕ್ತದಲ್ಲಿ ಅದರ ಮಟ್ಟ ನೋಡಿ ಪ್ರಮಾಣ ಹೊಂದಿಸಲು ಆಗುತ್ತದೆ. ರಾತ್ರಿ ಮನಸ್ಸು ತಡೆಯದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕೊನೆಗೆ ಅಂಕಣಕಾರ್ತಿ ಒಂದು ಪ್ರಶ್ನೆ ಕೇಳಿದ್ದಳು: ನಿಮ್ಮ ಕವಿತೆಯನ್ನು ಮೊದಲು ಕೇಳುವ ಗೆಳೆಯರು ಯಾರು?

ಎರಡು ತಿಂಗಳ ಮೇಲೆ ಮತ್ತೊಂದು ಪತ್ರ ಬಂತು. ವೈದ್ಯರು ಪ್ರಮಾಣ ಸ್ವಲ್ಪ ಇಳಿಸಿದ್ದಾರೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಗುರುವಾರ ಸಂಜೆ ಮೂವರು ಗೆಳೆಯರು ಕೆರೆಯ ಏರಿಯ ಮೇಲೆ ಕೂಡುತ್ತಾರೆ, ಅವರಲ್ಲೊಬ್ಬ ಟೇಲರು, ಅವನಿಗೆ ಕವಿತೆ ಅರ್ಥವಾಗದಿದ್ದರೂ ಪ್ರಾಸ ತಪ್ಪಿದ್ದು ಮೊದಲು ಅವನಿಗೇ ಗೊತ್ತಾಗುತ್ತದೆ. ಹೊಸ ಕವಿತೆ ಪತ್ರದಲ್ಲಿರಲಿಲ್ಲ. ನಾಲ್ಕು ಸಾಲಾಗಿದೆ, ಐದನೆಯದು ಕೂಡಿ ಬರುತ್ತಿಲ್ಲ, ಆದ ಮೇಲೆ ಕಳಿಸ್ತೀನ್ರಿ ಎಂದಷ್ಟೇ ಬರೆದಿದ್ದ. ಅಕ್ಷರಗಳ ದೀರ್ಘ ಈ ಸಲ ನೆಟ್ಟಗಿತ್ತು.